ಮೊಲಗಳ ಜೊತೆ ಮಲಗಿಸಿ

ಕ್ಯಾಸಲ್‌ಬಾರ್, ಮೇಯೋ
ಭಾನುವಾರ, ನವೆಂಬರ್ ೧೬

ಪ್ರಿಯ ಕೋಲ್ಮನ್,

ನೀನು ಟೀ ಕುಡಿಯದೆ ಹೋದದ್ದು ತಪ್ಪು. ಅಪ್ಪನನ್ನು ಮಣ್ಣು ಮಾಡಿ ಬಂದವರಿಗೆಲ್ಲ ಹ್ಯಾಮ್ ಸ್ಯಾಂಡ್‌ವಿಚ್ ಹಂಚುತ್ತ ಚರ್ಚಿನ ಸಭಾಂಗಣದ ತುಂಬ ನಿನ್ನ ಬೋಳು ತಲೆಗಾಗಿ ಹುಡುಕಿದೆ. ಸ್ಮಶಾನದ ಗೋಡೆಗೆ ಒರಗಿ ನಿಂತಿದ್ದವನು, ಪ್ರಾರ್ಥನೆ ಮುಗಿಯುತ್ತಲೇ ಮಾಯ. ನಮ್ಮ ಬೀದಿಯವರು ಅದನ್ನೂ ನೋಡಿಟ್ಟುಕೊಂಡಿದ್ದಾರೆ. ನಿನ್ನನ್ನು ಬೈಯೋಣವೆಂದೇ ಕಾಗದ ತೆಗೆದೆ, ಆದರೆ ಬರೆಯಬೇಕಾಗಿರುವುದು ಬೇರೆ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ. ನಿನ್ನ ಉಪಕಾರವನ್ನು ನಾನು ಮರೆಯಲಾರೆ. ನಾಲ್ಕು ವರ್ಷದಿಂದ ಬೇರೆ ಮನೆಯಲ್ಲಿರುವ ಗಂಡನಿಗೆ ಬರೆಯುವ ಮಾತಲ್ಲ ಇದು, ಆದರೂ ನಿಜ.

ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ. ಎಲ್ಲ ಒಂದು ಕಡೆ ಇರಲಿ.

ಅಪ್ಪನಿಗೆ ಐದು ತುಂಬುವಾಗ ಅವನ ತಾಯಿ ಸಬೀನಾ ತೀರಿಕೊಂಡಳು. ಅವರ ಕಡೆ ಹೆಂಡತಿ ಚಿಕ್ಕ ವಯಸ್ಸಿನಲ್ಲಿ ಸತ್ತರೆ ತವರಿನವರು ಬಂದು ತಮ್ಮ ಗೋರಿಗೆ ಒಯ್ಯುತ್ತಿದ್ದರು. ಹಾಗೆಯೇ ಅವಳನ್ನೂ ಅಣ್ಣಂದಿರು ಗಾಡಿಯಲ್ಲಿ ಒಯ್ದರು, ಹುಡುಗ ಮನೆಯಲ್ಲೇ ಉಳಿದ. ಆಮೇಲೆ ಅಜ್ಜ ಕೂಲಿಗೆಂದು ಇಂಗ್ಲೆಂಡಿಗೆ ಹೋದವನು ತಿರುಗಿ ಬರಲಿಲ್ಲ. ಹುಡುಗನನ್ನು ಕ್ಯಾಸಲ್‌ಬಾರಿನ ದೊಡ್ಡಪ್ಪ ಕರೆತಂದ. ಇಲ್ಲಿ ಇಂಗ್ಲಿಷ್ ಬಿಟ್ಟರೆ ಬೇರೆ ಮಾತಿಲ್ಲ, ತಾಯಿಯ ಐರಿಷ್ ಅವನ ಬಾಯಿಂದ ಮರೆಯಾಯಿತು. ಉಳಿದದ್ದು ಜನನ ಪತ್ರದಲ್ಲಿದ್ದ ಅವಳ ತವರಿನ ಹೆಸರು, ಕನೀನ್. ಇನ್ನೊಂದು, ಜೀವನವಿಡೀ ಹೇಳುತ್ತ ಬಂದ ಮಾತು: ನನ್ನನ್ನ ಅವ್ವನ ಹತ್ರ ಹಾಕಿ.

ಅವಳ ತವರೂರು ಕಿಲ್‌ಗೊರಾದ ಸ್ಮಶಾನದಲ್ಲಿ ನಾವಿಬ್ಬರೂ ಬೇಸಿಗೆಗಟ್ಟಲೆ ಅಲೆದೆವಲ್ಲ. ಕನೀನ್ ಎಂಬ ಕಲ್ಲು ಒಂದೂ ಇರಲಿಲ್ಲ. ಬರೆದವರ ಕಿವಿಗೆ ತಕ್ಕಂತೆ ಹೆಸರು ಬದಲಾಗಿರುತ್ತದೆ ಎಂದು ನೀನು ಅಡುಗೆ ಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತೆ: ಕಿನೀನ್, ಕೆನೀನ್, ಕನ್ಯನ್, ಕುನಿಯನ್. ಸತ್ತವರ ಹೆಸರೆಲ್ಲ ಬಾಯಿಪಾಠ, ಬದುಕಿರೋಳು ಹುಟ್ಟಿದ ದಿನ ನೆನಪಿಲ್ಲ ಅಂದೆ ನಾನು. ನೀನು ಮುಖ ಊದಿಸಿಕೊಂಡು ಕಾಗದಗಳ ಸಮೇತ ನಿನ್ನೂರು ಸ್ಪಿಡಲ್‌ನ ತಂಗಿಯ ಮನೆಗೆ ಹೊರಟೆ. ಉಳಿದದ್ದನ್ನು ಬರೆಯಬೇಕಾಗಿಲ್ಲ.

ಅಕ್ಟೋಬರಿನಲ್ಲಿ ಡಾಕ್ಟರು ಇನ್ನು ಹೆಚ್ಚು ದಿನ ಇಲ್ಲ ಎಂದರು. ಆಗಲೇ ಅಪ್ಪ, ಎಂಬತ್ತು ವರ್ಷ ಆಡದಿದ್ದ ಐರಿಷ್ ಆಡಲು ಶುರು ಮಾಡಿದ್ದ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು 'ನ ಕನೀನಿ, ನ ಕನೀನಿ' ಎಂದು ಶುರುವಿಟ್ಟ, ಅವರ ಜೊತೆ ಮಲಗಿಸು ಎಂದ. ನನ್ನದು ಶಾಲೆಯಲ್ಲಿ ಕಲಿತ ಐರಿಷ್. ಕನೀನ್ ಅಂದರೆ ಮೊಲ, ಒಂದನೇ ತರಗತಿಯ ಮಕ್ಕಳಿಗೂ ಗೊತ್ತು. ಅಪ್ಪನಿಗೆ ಭ್ರಮೆ ಎಂದುಕೊಂಡು, ಪೇಟೆಯಿಂದ ಮೆತ್ತನೆಯ ಗೊಂಬೆ ಮೊಲವೊಂದನ್ನು ತಂದು ದಿಂಬಿನ ಪಕ್ಕ ಇಟ್ಟೆ. ಅವನು ಅದನ್ನು ಎತ್ತಿ ನನ್ನ ಮೇಲೆ ಎಸೆದ. ನರ್ಸ್ ನಕ್ಕಳು, ನಾನೂ ನಕ್ಕೆ, ಆಮೇಲೆ ಕಾರಿಡಾರಿನಲ್ಲಿ ನಿಂತು ಅತ್ತೆ. ನಿನಗೆ ಫೋನ್ ಮಾಡಿದ್ದು ಮನೆಮಾತಾಗಿ ಐರಿಷ್ ಬಲ್ಲವರು ಬೇರೆ ಯಾರೂ ಹೊಳೆಯಲಿಲ್ಲ ಎಂದು. ಬೇರೆ ಕಾರಣ ಕಟ್ಟಬೇಡ.

ಇನ್ನೊಂದ್ಸಲ ಹೇಳು, ಅವರು ಹೇಳಿದ ಹಾಗೇ ಹೇಳು ಅಂದೆ ನೀನು. ಹೇಳಿದೆ. ಆಗ ನೀನು, ಅದು ಮೊಲ ಅಲ್ಲ ಕಣೇ ಯೂನಾ, ಕನೀನ್ ಮನೆಯೋರು ಅಂತ, ನಮ್ಮೂರಲ್ಲಿ ಒಂದು ಮನೆಯೋರನ್ನೆಲ್ಲ ಕರೆಯೋದೇ ಹಾಗೆ ಎಂದೆ. ನನಗೆ ನಾಚಿಕೆ, ನಾಚಿಕೆಯಾದರೆ ನನಗೆ ಸಿಟ್ಟು. ನಂಗೆ ಮೊಲ ಅಂತ ಕೇಳ್ತು, ನಾನೇನು ಮಾಡ್ಲಿ ಎಂದು ಹರಿಹಾಯ್ದೆ. ನೀನು ಜೋರಾಗಿ ನಗಲು ಹತ್ತಿದೆ. ನಿಂಗೆ ಹಂಗೆ ಕೇಳಿದ್ರೆ ಇನ್ನೊಬ್ಬನಿಗೂ ಕೇಳಿರುತ್ತೆ, ಇಡು ಫೋನು ಅಂದೆ.

ಎರಡು ಹಳೆಯ ಜನಗಣತಿ ಹಾಳೆಗಳ ಪ್ರತಿ ಹಿಡಿದುಕೊಂಡು ನೀನು ಆಸ್ಪತ್ರೆಗೆ ಬಂದ ಬೆಳಗ್ಗೆ ನನಗೆ ಮರೆಯುವುದಿಲ್ಲ. ೧೯೦೧ರಲ್ಲಿ ಫೆಸ್ಟಿ ಕಿನೀನ್, ಹೆಂಡತಿ ಬಾರ್ಬರಾ. ೧೯೧೧ರಲ್ಲಿ ಆ ಊರಿನಲ್ಲಿ ಕಿನೀನ್ ಇಲ್ಲ, ಕನೀನೂ ಇಲ್ಲ. ಆದರೆ ಅದೇ ಮನೆ, ಅದೇ ಫೆಸ್ಟಿ, ಅದೇ ಬಾರ್ಬರಾ, ಹತ್ತು ವರ್ಷ ಮುದುಕರಾಗಿ, ಜೊತೆಗೆ ಗಂಡುಮಕ್ಕಳು, ಎರಡು ವರ್ಷದ ಸಬೀನಾ. ಮನೆತನದ ಹೆಸರು ರ‍್ಯಾಬಿಟ್. ಫೆಸ್ಟಿಗೆ ಅಕ್ಷರ ಬಾರದು, ಬರೆದುಕೊಂಡವರು ಪೊಲೀಸರು. ಮೊದಲಿನವನು ಕೇಳಿದಂತೆ ಬರೆದ. ಎರಡನೆಯವನಿಗೆ ಐರಿಷ್ ಬರುತ್ತೆಂಬ ಜಂಭ ಇದ್ದಿರಬೇಕು, ಅನುವಾದ ಮಾಡಿಬಿಟ್ಟ. ಅವನ ಒಂದು ಗೀಟಿಗೆ ಇಡೀ ಮನೆಯವರು ಇಂಗ್ಲಿಷಿನ ಮೊಲಗಳಾದರು. ಶಾಲೆಯವರು, ಅಂಗಡಿಯವರು ಅದನ್ನೇ ಹಿಡಿದರು, ಕಲ್ಲಿನ ಮೇಲೂ ಅದೇ ಕೂತಿತು. ಸಬೀನಾ ಮಾತ್ರ ಮಗನ ಜನನ ಬರೆಸುವಾಗ ತನ್ನ ಹಳೆಯ ಹೆಸರನ್ನೇ ಹೇಳಿದ್ದಳು. ಆ ಪೊಲೀಸಪ್ಪ ಮಾಡಿದ ತಪ್ಪನ್ನೇ ನಾನೂ ಮಾಡದಿದ್ದರೆ ನಾವು ಇನ್ನೂ ಹುಡುಕುತ್ತಲೇ ಇರುತ್ತಿದ್ದೆವು. ಕಿಲ್‌ಗೊರಾದ ರ‍್ಯಾಬಿಟ್ ಕಲ್ಲಿನ ಪಕ್ಕದಲ್ಲೇ ಅಲ್ಲವೇ ನಾವು ಕೋಟು ಹಾಸಿ ಬುತ್ತಿ ಬಿಚ್ಚಿದ್ದು.

ಆದರೆ ಆ ಸ್ಮಶಾನದಲ್ಲಿ ಹೊಸ ಗೋರಿಗೆ ಅವಕಾಶವಿಲ್ಲ, ಹಳೆಯದನ್ನು ಅದರ ಹಕ್ಕಿರುವ ಮನೆಯವರು ಒಪ್ಪಿದರಷ್ಟೇ ತೆಗೆಯಬಹುದು. ಸಬೀನಾಳ ಅಣ್ಣನ ಮಗಳು ಡೀಲಿಯಾ ರ‍್ಯಾಬಿಟ್ ಎದುರು ಕೂತು ಆ ಹಾಳೆಗಳನ್ನು ಮುಂದಿಟ್ಟೆ. ಬೇಡ ಅಂದರೆ ಅಪ್ಪನಿಗೆ ಯಾವ ಮುಖ ತೋರಿಸಲಿ? ಅವಳು ಹಾಳೆಗಳ ಕಡೆ ನೋಡಲೂ ಇಲ್ಲ. ಸಬೀನತ್ತೆ ಮಗ ಇನ್ನೂ ಬದುಕಿದಾನಾ ಅಂದಳು. ನಮ್ಮಪ್ಪ ಆ ಮಗೂನ ಕರ್ಕೊಂಡು ಬರೋಕೆ ಹೋದಾಗ ಮನೆಗೆ ಬೀಗ ಬಿದ್ದಿತ್ತಂತೆ, ಸಾಯೋವರ್ಗೂ ಕೊರಗಿದ ಅಂದಳು. ಕಣ್ಣೊರೆಸಿಕೊಂಡು, ಮೊಲದ ಬಿಲದಲ್ಲಿ ಇನ್ನೊಂದು ಮೊಲಕ್ಕೆ ಜಾಗ ಇಲ್ವಾ, ಬರಲಿ ಬಿಡು ಮಗಳೇ ಅಂದಳು. ನೀನು ಕಾರಿನಲ್ಲೇ ಕೂತಿದ್ದೆ, ಹೇಡಿ. ನಾನು ಅಳುತ್ತ ಬಂದದ್ದನ್ನು ನೋಡಿ ಇಲ್ಲ ಅಂದರೆಂದು ತಿಳಿದು ನೀನೂ ಬಿಳಿಚಿಕೊಂಡೆ.

ಅಪ್ಪನಿಗೆ ತಿಳಿಸಿದ್ದು ನೀನು, ಮಂಡಿಯೂರಿ, ಅವನ ಕಿವಿಯಲ್ಲಿ, ಅವನ ತಾಯಿಯ ಮಾತಿನಲ್ಲಿ. ಅವನು ಏನೋ ಕೇಳಿದ, ನೀನು ಏನೋ ಹೇಳಿದೆ. ತಡವಾಗಿ ಬಂದ್ರೆ ಅವ್ವ ಬೈತಾಳಾ ಎಂದು ಕೇಳಿದನಂತೆ. ಇಲ್ಲ, ಪಕ್ಕದಲ್ಲಿ ಜಾಗ ಬಿಟ್ಕೊಂಡು ಕಾಯ್ತಿದಾಳೆ ಅಂದೆಯಂತೆ. ಆಮೇಲೆ ಅಪ್ಪ ಮತ್ತೆ ಆ ಮಾತೆತ್ತಲಿಲ್ಲ, ನೆಮ್ಮದಿಯಾಗಿ ಮಲಗಿದ. ನನ್ನ ಅಪ್ಪನ ಕೊನೆಯ ಭಯವನ್ನು ನೀನು ತೆಗೆದೆ, ಕೋಲ್ಮನ್. ಇದಕ್ಕಿಂತ ದೊಡ್ಡದನ್ನು ಯಾರೂ ನನಗೆ ಕೊಟ್ಟಿಲ್ಲ.

ಸ್ಪಿಡಲ್‌ನಲ್ಲಿ ಗಾಳಿ ಜಾಸ್ತಿ, ಮಫ್ಲರ್ ಸುತ್ತಿಕೊ.

ಋಣಿಯಾದ,
ಯೂನಾ

ತಾ.ಕ.: ಡೀಲಿಯಾ ನಿನ್ನೆ ಫೋನ್ ಮಾಡಿದ್ದಳು. ಆ ಗೋರಿಯಲ್ಲಿ ಇನ್ನೊಬ್ಬರಿಗೆ ಸ್ಥಳವಿದೆಯಂತೆ. ಒಬ್ಬಳೇ ಇದ್ದೀಯಂತೆ, ನಿನಗೂ ಹಕ್ಕಿದೆ, ನಿನ್ನ ಹೆಸರಿಗೆ ಇಟ್ಟಿರಲಾ ಮಗಳೇ ಎಂದು ಕೇಳಿದಳು. ಬೇಡ, ನಾನು ಗಂಡನ ಕಡೆಯವರ ಗೋರಿಗೇ ಹೋಗ್ತೀನಿ ಅಂದೆ. ಅವಳ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಹೇಳಿಬಿಡೋಣವೆಂದು ಬರೆದೆ.