ಲಾಸ್ಯಳ ಹೆಸರಿನ ಬಿಲ್ಲು

ಕುಂಬಾರಕೊಪ್ಪಲು, ಮೈಸೂರು
೧೨-೬-೨೦೨೪

ಮುನಿಸಿಕೊಂಡು ಕೂತಿರುವ ನನ್ನ ಮೊಮ್ಮಗಳು ಲಾಸ್ಯಳಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು, ತಪ್ಪು ಹುಡುಕುತ್ತಾ ಕೂರಬೇಡ. ರಾಮಕೃಷ್ಣನಗರದಲ್ಲಿ ನಿನ್ನ ಸೋದರತ್ತೆ ಪ್ರೇಮಲೀಲಾ ಮಾಡುವ ಸಾರು ಉಂಡುಕೊಂಡು ಎರಡು ತಿಂಗಳು ಬದುಕಿದ್ದೀಯ ಅಂದರೆ ನಿನ್ನ ಹಟ ದೊಡ್ಡದು. ನನ್ನ ಮಗಳೇ ಅವಳು, ಹೇಳುವ ಹಕ್ಕು ನನಗಿದೆ.

ಅಂಗಡಿಯ ಹೆಸರನ್ನು ವ್ಯಾಪಾರಿಗಳ ಪುಸ್ತಕದಲ್ಲಿ ಹಾಕಿದ್ದಕ್ಕೆ ಅಂತ ತಿಂಗಳು ತಿಂಗಳು ನಿನ್ನ ಹೆಸರು ಬರೆದು ಕಳಿಸುತ್ತಿದ್ದರಲ್ಲ, ಆ ಬಿಲ್ಲುಗಳೆಲ್ಲ ಸುಳ್ಳು ಕಣಮ್ಮ. ನಮ್ಮ ವಿಭೂತಿ ಅಂಗಡಿಯ ಹೆಸರನ್ನು ಯಾವ ಪುಸ್ತಕದಲ್ಲೂ ಯಾರೂ ಅಚ್ಚು ಹಾಕಿಸಿಲ್ಲ. ಪಕ್ಕದ ಕಾಫಿಪುಡಿ ಅಂಗಡಿ ರುದ್ರಸ್ವಾಮಿಗೂ ಮೂರು ದಿನದ ಹಿಂದೆ ಅದೇ ಕಂಪನಿಯ ಬಿಲ್ಲು ಬಂತು. ಆರ್ಡರ್ ಕೊಟ್ಟವರು ಅನ್ನುವ ಕಡೆ, ನಮ್ಮದರಲ್ಲಿ ನಿನ್ನ ಹೆಸರಿದ್ದ ಹಾಗೆ, ಅವನ ಹೆಂಡತಿಯ ಹೆಸರು. ಅವಳು ಸತ್ತು ಮೂರು ವರ್ಷ. 'ಏಕಾಂತಯ್ಯನೋರೆ, ನಮ್ಮೋಳು ಮೇಲಿಂದ ಆರ್ಡರ್ ಕೊಟ್ಟವ್ಳಂತೆ ಕಣ್ರೀ' ಅಂತ ನಿಮ್ಮ ತಾತನಿಗೆ ಅಂದ. ನಗಲು ಹೋಗಿ ಅತ್ತುಬಿಟ್ಟ. ನಿಮ್ಮ ತಾತ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ಕೂತುಬಿಟ್ಟರು.

ಅವರ ಪದ್ಧತಿ ನಿನಗೆ ಗೊತ್ತು. ಬಾಕಿ ಇಟ್ಟುಕೊಂಡು ಹಣೆಗೆ ವಿಭೂತಿ ಹಚ್ಚುವವರಲ್ಲ. ಬಿಲ್ಲು ಬಂದ ದಿನವೇ, ಸಂಜೆಯ ಪೂಜೆಗೆ ಮುಂಚೆ ಕಟ್ಟಬೇಕು. ಐದು ತಿಂಗಳು ಹಾಗೇ ಐದು ಬಿಲ್ಲು ಕಟ್ಟಿದರು. ಪ್ರತಿ ಸಲ ನೀನು 'ನಾ ಬರೆಸಿಲ್ಲ ತಾತ, ಕಟ್ಟಬ್ಯಾಡಿ' ಅಂದೆ. 'ನಿನ್ನೆಸ್ರೈತಲ್ಲವ್ವ, ನಮ್ಮನೇರು ಕೊಟ್ಟ ಮಾತು ನಡೆಸ್ಬೇಕು' ಅಂದರು ಅವರು.

ಐದನೆಯದಕ್ಕೆ ನಾನು ಗಿರಾಕಿಗಳ ಎದುರಿಗೇ ಬಾಯಿ ಮಾಡಿದೆ. ಕಮಿಷನ್ ತಿಂದು ತಾತನ ಮುಂದೆ ಸುಳ್ಳು ಹೇಳುವ ಕಳ್ಳಿ ಅಂದೆ. ಅಂಗಡಿಯ ಬೀಗದ ಕೈ ಕಿತ್ತುಕೊಂಡೆ. ನೀನು ಅಳಲಿಲ್ಲ. 'ಚೀಲ ಬೇಕಾದ್ರೆ ನೋಡ್ಕೊ ಅಜ್ಜಿ' ಅಂತ ಬಿಚ್ಚಿ ತೋರಿಸಿದೆ. ಟಿಫಿನ್ ಡಬ್ಬಿ ಇತ್ತು, ಬಾಚಣಿಗೆ ಇತ್ತು. ನಾನು ಬಗ್ಗಿ ನೋಡಿದೆನಲ್ಲ, ಅದು ನನ್ನನ್ನು ತಿನ್ನುತ್ತಿದೆ.

ಮೂರು ದಿನದಿಂದ ನಿಮ್ಮ ತಾತನದು ಬರಿ ಹಣೆ. ವಿಭೂತಿ ಮಾರುವವರ ಹಣೆಯೇ ಬೋಳು, ಯಾರು ಕೊಳ್ಳುತ್ತಾರೆ ಅಂತ ಬೈದೆ. 'ಮಗೀಗೆ ಕೊಡೋ ಬಾಕಿ ಐತೆ' ಅಂದರು, ಅಷ್ಟೇ.

ಒಂದು ಸಲ ಬಂದು ಹೋಗು. ಅಂಗಡಿಗೆ ಬೇಡ, ಮನೆಗೆ. ನನ್ನ ಹತ್ತಿರ ಮಾತಾಡದಿದ್ದರೂ ಸರಿ, ಅವರ ಹತ್ತಿರ ಮಾತಾಡು.

ನಿನಗೆ ಹೆಸರಿಟ್ಟ ಬಾಯಿಂದಲೇ ಕಳ್ಳಿ ಅಂದವಳು,
ಬಸಮ್ಮ

ತಾ.ಕ.: ಇಷ್ಟು ಬರೆದೂ ಒಂದನ್ನು ಬಿಟ್ಟಿದ್ದೆ. ಮೊದಲ ಬಿಲ್ಲಿಗೆ ಮುಂಚೆ, ನೀನು ಊಟಕ್ಕೆ ಹೋಗಿದ್ದಾಗ, ಅಂಗಡಿಗೆ ಒಂದು ಫೋನ್ ಬಂದಿತ್ತು. ವ್ಯವಹಾರ ಯಾರು ನೋಡುತ್ತಾರೆ ಅಂತ ಒಬ್ಬ ನಯವಾಗಿ ಕೇಳಿದ. ನನ್ನ ಮೊಮ್ಮಗಳು ಲಾಸ್ಯ, ಬಿಕಾಂ ಓದಿದ್ದಾಳೆ ಅಂತ ಬಾಯ್ತುಂಬ ಹೇಳಿದೆ. ಬಿಲ್ಲಿನಲ್ಲಿ ನಿನ್ನ ಹೆಸರು ಕಂಡ ಮೊದಲ ದಿನವೇ ಅದು ನೆನಪಾಗಿತ್ತು, ಆದರೂ ಯಾರಿಗೂ ಹೇಳಲಿಲ್ಲ. ಐವತ್ತು ವರ್ಷದಲ್ಲಿ ನಿಮ್ಮ ತಾತನ ಮುಂದೆ ತಪ್ಪಾಯಿತು ಅಂದವಳಲ್ಲ ನಾನು. ಈಗ ಈ ಕಾಗದವನ್ನು ಅಂಚೆಗೆ ಹಾಕಲು ಅವರ ಕೈಗೇ ಕೊಡುತ್ತಿದ್ದೇನೆ, ಲಕೋಟೆ ಅಂಟಿಸದೆ. ಇನ್ನೊಬ್ಬರ ಕಾಗದ ಓದುವವರಲ್ಲ ಅವರು. ಅದೂ ನನಗೆ ಗೊತ್ತು.