ಟವೆಲ್ ಹಾಕಿದ ಸೀಟು

ಶಹಾಪುರ
ಬುಧವಾರ

ನನ್ನ ಮುದ್ದಿನ ರೀ,

ಮದುವೆಯಾದ ಇಪ್ಪತ್ತನೇ ದಿನಕ್ಕೆ ನೀವು ಕಾರವಾರದ ಡ್ಯೂಟಿಗೆ ಹೊರಟಾಗ, ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, “ಕೈ ಒಂದೀಟೂ ನಡಗವಲ್ದು. ಗಂಡ ಹೊಂಟಾನ ಅಂದ್ರ ನಿನಗೇನೂ ಅನಸೂದಿಲ್ಲೇನು?” ಎಂದಿರಿ. ನಗುತ್ತಲೇ ಅಂದಿರಿ, ಆದರೆ ಬಸ್ಸು ಹೊರಟಾಗ ಕಿಟಕಿಯಿಂದ ನೋಡಲಿಲ್ಲ.

ಮುಚ್ಚಿಟ್ಟದ್ದು ನನ್ನದೇ ತಪ್ಪು. ನನಗೆ ಮೈಗ್ರೇನ್ ಇದೆ, ದಿನಾ ಒಂದು ಮಾತ್ರೆ ನುಂಗುತ್ತೇನೆ. “ಗಂಡನ ಮುಂದ ಹೇಳಬ್ಯಾಡ” ಎಂದಿದ್ದಳು ಅವ್ವ. ಸಂಕಟವಾದಾಗ ರಕ್ತದಲ್ಲಿ ಅಡ್ರಿನಲಿನ್ ಓಡಿಬಂದು ಜೀವಕೋಶಗಳ ರಿಸೆಪ್ಟರ್ ಎಂಬ ಸೀಟಿನಲ್ಲಿ ಕೂತರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ಸುರಪುರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಈ ಮಾತ್ರೆಯೂ ಹಾಗೆ ಮೊದಲೇ ಆ ಜಾಗ ಹಿಡಿದಿರುತ್ತದೆ. ಪಾಪ, ಅಡ್ರಿನಲಿನ್ ನಿಂತೇ ಇರಬೇಕು. ಅದಕ್ಕೇ ಅವತ್ತು ಕೈ ಸುಮ್ಮನಿತ್ತು. ನಾನು ಸುಮ್ಮನಿರಲಿಲ್ಲ ರೀ.

ಈಗಲೂ ಎರಡು ಕಪ್ ಚಹಾ ಮಾಡುತ್ತೇನೆ, ಎರಡನ್ನೂ ನಾನೇ ಕುಡಿಯುತ್ತೇನೆ. ಗೋಡೆಯ ಹಲ್ಲಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತೇನೆ.

ಮಾತ್ರೆಯನ್ನು ತಟ್ಟನೆ ಬಿಡಬಾರದು ಎಂದಿದ್ದಾರೆ ಡಾಕ್ಟರು. ಭಾನುವಾರ ನೀವು ಫೋನು ಮಾಡಿದಾಗ ನನ್ನ ದನಿ ನಡುಗುವುದಿಲ್ಲ. ನಡುಗುತ್ತಿದೆ ಎಂದುಕೊಂಡೇ ಕೇಳಿಸಿಕೊಳ್ಳಿ.

ನಿಮ್ಮವಳೇ,
ಶಿವರಂಜನಿ