ಸರತಿಗೂ ಲಾರಿಯಲ್ಲಿ ಜಾಗ ಕೊಡಿ

ಸೇನಾ ಕುಟುಂಬಗಳ ಹಲ್ಲುಗಳ ಯೋಗಕ್ಷೇಮ ಹೊತ್ತಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ಒಬ್ಬಳೇ ಹುಡುಗಿಯ ಹೆಸರನ್ನು ಮೂರು ಊರಿನ ದಂತ ಚಿಕಿತ್ಸಾಲಯಗಳಲ್ಲಿ ಬರೆಸಿ "ಸರತಿಯನ್ನು ದಾಸ್ತಾನು ಮಾಡಿದ್ದಕ್ಕೆ" ವಿವರಣೆ ಕೊಡಿ ಎಂದು ನನಗೆ ನೋಟಿಸು ಕಳಿಸಿದ್ದೀರಿ. ಆರೋಪ ನಿಜ, ಲೆಕ್ಕ ಮಾತ್ರ ತಪ್ಪು. ಊರು ಮೂರಲ್ಲ, ನಾಲ್ಕು. ನಾವು ನಿಜವಾಗಿ ವಾಸವಿರುವ ಊರೇ ನಿಮ್ಮ ಪಟ್ಟಿಯಿಂದ ಬಿಟ್ಟುಹೋಗಿದೆ.

ನನ್ನ ಗಂಡ ಸೇನೆಯ ಟ್ಯಾಂಕುಗಳನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕು. ನಾನು ಹೋದಲ್ಲೆಲ್ಲ ಹೊಲಿಗೆ ಯಂತ್ರ ಹೂಡಿ, ಗಿರಾಕಿಗಳನ್ನು ಮಾತಿನಲ್ಲೇ ಗಿಟ್ಟಿಸಿಕೊಂಡು ಬದುಕುವವಳು. ವರ್ಗಾವಣೆಯಾದಾಗ ಸರ್ಕಾರದ ಲಾರಿ ಬಂದು ನಮ್ಮ ಮಂಚ, ಫ್ರಿಜ್ಜು, ಕಾಲು ಮುರಿದ ಸ್ಟೂಲನ್ನೂ ಜತನವಾಗಿ ಹೊತ್ತೊಯ್ಯುತ್ತದೆ. ಕಾದು ಕಾದು ಸಂಪಾದಿಸಿದ ಸರತಿ ಮಾತ್ರ ಹಳೆಯ ಊರಿನಲ್ಲೇ ಉಳಿಯುತ್ತದೆ. ಮುರಿದ ಸ್ಟೂಲಿಗಿರುವ ಯೋಗ ನನ್ನ ಮಗಳ ಹಲ್ಲಿಗೇಕಿಲ್ಲ?

ಅವಳಿಗೆ ಕ್ಲಿಪ್ಪು ಹಾಕಿದ್ದು ಹಿಂದಿನ ಊರಿನಲ್ಲಿ. ತಿಂಗಳಿಗೊಮ್ಮೆ ತಂತಿ ಬಿಗಿ ಮಾಡಿಸಬೇಕೆಂದರು. ಅಷ್ಟರಲ್ಲಿ ವರ್ಗಾವಣೆಯ ಗಾಳಿಸುದ್ದಿ ಎದ್ದಿತು, ಅದರಲ್ಲಿ ಮೂರು ಊರುಗಳ ಹೆಸರಿದ್ದವು. ಹಿಂದೆ ನೆರೆಮನೆಗಳಲ್ಲಿದ್ದ ಗೆಳತಿಯರು ಈಗ ಆ ಊರುಗಳಲ್ಲಿದ್ದಾರೆ. ಅವರಿಗೆ ಫೋನು ಮಾಡಿ ಮೂರೂ ಕಡೆ ಹೆಸರು ಬರೆಸಿದೆ. ಆದರೆ ನಿಮ್ಮ ಸೇನೆ ನಮ್ಮನ್ನು ನಾಲ್ಕನೆಯ ಊರಿಗೆ ಕಳಿಸಿತು. ಇಂಥ ತಂತ್ರಗಾರಿಕೆಯನ್ನು ಶತ್ರುವಿಗೆ ಮೀಸಲಿಟ್ಟರೆ ಸಾಲದೇ?

ಇಲ್ಲಿಯ ಕೌಂಟರಿನಾಕೆ ಮಗುವಿನ ಬಾಯನ್ನೂ ನೋಡದೆ ಹೇಳಿದಳು: "ಬೇರೆಯವರು ಹಾಕಿದ ತಂತಿ ನಾವು ಮುಟ್ಟಲ್ಲಕ್ಕ. ಹೊಸಬರ ಸಾಲಲ್ಲಿ ಬನ್ನಿ, ಮುಂದಿನ ವರ್ಷ ಕರೀತೀವಿ." ಮುಂದಿನ ವರ್ಷ ನಾವೆಲ್ಲಿರುತ್ತೇವೋ ಎಂದೆ. ಅದು ತಮ್ಮ ವಿಭಾಗವಲ್ಲವಂತೆ. ಸರಿ, ಇಲ್ಲೂ ಹೆಸರು ಬರೆಸಿ, ಉಳಿದ ಮೂರು ಸರತಿಗಳನ್ನು ಹಾಗೇ ಇಟ್ಟುಕೊಂಡೆ. ಕೊಳೆಯುವ ಸರಕಲ್ಲವಲ್ಲ, ಮುಂದಿನ ವರ್ಗಾವಣೆಗೆ ಬಂದೀತು.

ಈಗ ತಂತಿಯ ತುದಿ ಬಿಟ್ಟುಕೊಂಡು ಮಗಳ ಕೆನ್ನೆಗೆ ಒಳಗಿನಿಂದ ಚುಚ್ಚುತ್ತಿದೆ. ಮೇಣದಬತ್ತಿಯ ಮೇಣ ಉಂಡೆ ಮಾಡಿ ಅಂಟಿಸಿದ್ದೇನೆ. ಊಟಕ್ಕೆ ಕೂತರೆ ಅದು ಅನ್ನದ ಜೊತೆ ಹೊಟ್ಟೆಗೆ ಹೋಗುತ್ತದೆ. ಮೊನ್ನೆ ಅವಳಪ್ಪ ಇಕ್ಕಳ ಹಿಡಿದು ಬಂದರು. ಟ್ಯಾಂಕಿನ ಸರಪಳಿ ಕಳಚುವವರು ಆ ಪುಟ್ಟ ಬಾಯಿಯ ಮುಂದೆ ಎರಡು ಸಲ ಇಕ್ಕಳ ಒಡ್ಡಿ, ಎರಡು ಸಲವೂ ಹಿಂದೆಗೆದರು. ಮಗಳು ಅವರ ಕೈ ಹಿಡಿದು ಕೆಳಗಿಳಿಸಿದಳು.

"ಬಿಡಪ್ಪ, ಮುಂದಿನೂರಲ್ಲಿ ನೋಡ್ಕೊಂಡ್ರಾಯ್ತು."

ನಿಮ್ಮ ಇಲಾಖೆ ಕೊಡಬೇಕಾದ ಉತ್ತರವನ್ನು ತಾನೇ ಕೊಡುವಷ್ಟು ಆ ಮಗು ಪಳಗಿದೆ. ಅಭಿನಂದನೆಗಳು.

ಆದ್ದರಿಂದ ಮೊದಲು ಈ ವಾರವೇ ಆ ತಂತಿಗೆ ಒಂದು ಗತಿ ಕಾಣಿಸಿ. ಆಮೇಲೆ, ಎಲ್ಲಿ ನಿಂತಿದ್ದೆವೋ ಆ ಸರತಿ ನಮ್ಮ ಜೊತೆಗೇ ಊರೂರಿಗೆ ಬರುವಂತೆ ಆದೇಶ ಹೊರಡಿಸಿ. ಅದಾಗದಿದ್ದರೆ ಒಂದು ವ್ಯಾಪಾರ ಮಾಡೋಣ: ಮುಂದಿನ ವರ್ಗಾವಣೆ ಯಾವ ಊರಿಗೆಂದು ಈಗಲೇ ತಿಳಿಸಿ, ಬೇಡದ ಕಡೆಯ ಹೆಸರುಗಳನ್ನು ನಾನೇ ಹೊಡೆಸಿಹಾಕುತ್ತೇನೆ. ಅದು ಸೇನೆಯ ಗುಟ್ಟು ಎನ್ನುವುದಾದರೆ ನನಗೆ ಹೇಳಲೇಬೇಡಿ. ಅಲ್ಲಿಯ ಹಲ್ಲಿನ ಡಾಕ್ಟರ ಕಿವಿಯಲ್ಲಿ ಹೇಳಿದರೆ ಸಾಕು.

ಇಂತಿ,
ತಾನಿಲ್ಲದ ಮೂರು ಊರುಗಳಲ್ಲಿ ಸಾಲಿನ ಮುಂದಿದ್ದು, ತಾನಿರುವ ಊರಿನಲ್ಲಿ ಕೊನೆಗಿರುವ ತಾಯಿ